ಸೋಸುವ ಕಾಗದಕ್ಕೂ ಒಂದು ಆಯುಷ್ಯವುಂಟು

ಮೋಟಾರು ಸೈಕಲ್ ಇಲ್ಲದ ಮನೆ ಈಗ ನಮ್ಮ ಹಳ್ಳಿಗಳಲ್ಲಿ ವಿರಳ. ಹೊಲಕ್ಕೆ, ಸಂತೆಗೆ, ಡೇರಿಗೆ, ಮಕ್ಕಳ ಶಾಲೆಗೆ, ಬೀಗರ ಊರಿಗೆ ಎಲ್ಲಕ್ಕೂ ಅದೇ ವಾಹನ. ಹಿಂದೆ ಎತ್ತುಗಳನ್ನು ಸಾಕಿದ ಮನೆಗಳಲ್ಲಿ ಅವುಗಳ ಗೊರಸು ಸವೆದಿದೆಯೋ, ಮೇವು ಸಾಲುತ್ತಿದೆಯೋ ಎಂಬುದು ಹಿರಿಯರಿಗೆ ದಿನವೂ ತಿಳಿದಿರುತ್ತಿತ್ತು. ಗಾಡಿಯ ಎಂಜಿನ್ನಿನೊಳಗೆ ಏನು ನಡೆಯುತ್ತಿದೆ ಎಂಬುದು ಮಾತ್ರ ಮನೆಯಲ್ಲಿ ಯಾರಿಗೂ ತಿಳಿಯದು. ಆದಕಾರಣ ಅದರ ಒಂದು ಚಿಕ್ಕ ಭಾಗವನ್ನು ಕುರಿತು, ಅಂದರೆ ಆಯಿಲ್ ಫಿಲ್ಟರನ್ನು ಎಷ್ಟು ಕಾಲಕ್ಕೊಮ್ಮೆ ಬದಲಿಸಬೇಕೆಂಬುದನ್ನು ಕುರಿತು, ಓದುಗ ಬಂಧುಗಳೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಲು ಬಯಸಿದ್ದೇವೆ. ಶಾಸ್ತ್ರ ಓದಿದವರಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ನಗಬಹುದು. ನಲವತ್ತು ವರ್ಷ ಎರಡು ಗಾಲಿಗಳ ಮೇಲೆಯೇ ಊರೂರು ತಿರುಗಿದವರಿಗೆ ಆ ಗೊಡವೆ ತಪ್ಪುವುದಿಲ್ಲ.

ನಾವು ಮೊದಲು ಓಡಿಸಿದ್ದು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ. ಅದು ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಅಳೆದು ಬೆರೆಸುತ್ತಿದ್ದೆವು. ಆ ಎಣ್ಣೆ ಉರಿದು ಹೊಗೆಯಾಗಿ ಹೊರಟುಹೋಗುತ್ತಿದ್ದುದರಿಂದ ಅದನ್ನು ಸೋಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಆ ಕಾರ್ಖಾನೆ 1996ರಲ್ಲಿ ನಿಂತಿತು. ಅನಂತರ ಎಲ್ಲೆಡೆ ನಾಲ್ಕು ಸ್ಟ್ರೋಕಿನ ಗಾಡಿಗಳೇ ಬಂದವು. ಇವುಗಳಲ್ಲಿ ಎಣ್ಣೆ ಉರಿದುಹೋಗದೆ ಎಂಜಿನ್ನಿನ ಬುಡದಲ್ಲಿಯೇ ಇದ್ದು, ಪಂಪಿನ ಬಲದಿಂದ ಮೇಲೇರಿ, ತಿರುಗುವ ಭಾಗಗಳನ್ನೆಲ್ಲ ತೋಯಿಸಿ ಮತ್ತೆ ಕೆಳಗಿಳಿಯುತ್ತದೆ. ಒಂದೇ ಎಣ್ಣೆ ಸಾವಿರಾರು ಸಲ ಸುತ್ತಬೇಕಾದುದರಿಂದ ಅದನ್ನು ಸೋಸುವ ಸಾಧನವೂ ಅವಶ್ಯಕವಾಯಿತು.

ಈ ಸಾಧನಕ್ಕೆ ನೂರು ವರ್ಷಗಳ ಇತಿಹಾಸವಿದೆ. ಅಮೆರಿಕದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಘ್ ಎಂಬಿಬ್ಬರು 1923ರಲ್ಲಿ ಮೋಟಾರು ಕಾರಿಗೆ ಎಣ್ಣೆ ಸೋಸುವ ಸಾಧನವನ್ನು ರೂಪಿಸಿ ಅದಕ್ಕೆ ಪ್ಯೂರೋಲೇಟರ್ ಎಂದು ಹೆಸರಿಟ್ಟರು. ಮುಂದೆ ಶುದ್ಧ ಎಣ್ಣೆ ದೊರೆಯುವುದೆಂಬ ಅರ್ಥದ ಇಂಗ್ಲಿಷ್ ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಇಂದಿನ ಬೈಕುಗಳಲ್ಲಿ ಕಾಣುವ ಫಿಲ್ಟರ್ ಸಾಮಾನ್ಯವಾಗಿ ನೆರಿಗೆ ನೆರಿಗೆಯಾಗಿ ಮಡಿಸಿದ ವಿಶೇಷ ಕಾಗದದ ಒಂದು ಚಿಕ್ಕ ಉರುಳೆ. ಕಣ್ಣಿಗೆ ಕಾಣದ ಲೋಹದ ಪುಡಿ, ಮಸಿ, ಸವೆದ ಕ್ಲಚ್ ಪ್ಲೇಟಿನ ನಾರು ಅದರಲ್ಲಿ ಸಿಕ್ಕಿಬೀಳುತ್ತವೆ. ಕಾರಿಗಿಂತ ಬೈಕಿನ ಎಣ್ಣೆಗೆ ಹೊರೆ ಹೆಚ್ಚು. ಕಾರಿನಲ್ಲಿ ಗೇರಿನ ಎಣ್ಣೆ ಬೇರೆ, ಎಂಜಿನ್ನಿನ ಎಣ್ಣೆ ಬೇರೆ. ಈಗಿನ ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಮೂರರ ಕೊಳೆಯೂ ಆ ಕಾಗದದ ಮೇಲೆಯೇ ಬಂದು ಕೂಡುತ್ತದೆ.

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಬಾವಿಯ ನೀರನ್ನು ಹರವಿಗೆ ತುಂಬುವಾಗ ಬಟ್ಟೆಯಿಂದ ಸೋಸುವುದು ನಮ್ಮ ಪಾಲಿನ ಕೆಲಸಗಳಲ್ಲಿ ಒಂದಾಗಿತ್ತು. ಸೋಸಿದ ಬಟ್ಟೆಯನ್ನು ಸಂಜೆ ಒಗೆದು, ಹಿಂಡಿ, ಬಿಸಿಲಿಗೆ ಹಾಕುತ್ತಿದ್ದೆವು. ಒಂದು ಬಟ್ಟೆ ವರ್ಷಗಟ್ಟಲೆ ಬಾಳುತ್ತಿತ್ತು. ನಮ್ಮ ಮನೆಗಳೆಲ್ಲ ಇದೇ ಮಿತವ್ಯಯದಲ್ಲಿ ಬೆಳೆದವು. ತೊಳೆದರೆ ಮತ್ತೆ ಬಳಕೆಗೆ ಬರುವುದನ್ನು ಎಸೆಯುವುದು ದುಂದುಗಾರಿಕೆ ಎಂಬುದು ನಮ್ಮ ತಾಯಂದಿರು ಕಲಿಸಿದ ಪಾಠ. ಒಳ್ಳೆಯ ಪಾಠವೇ ಸರಿ. ಆದರೆ ಆಯಿಲ್ ಫಿಲ್ಟರಿನ ಕಾಗದಕ್ಕೆ ಅದು ಅನ್ವಯಿಸುವುದಿಲ್ಲ ಎಂಬುದನ್ನು ನಮ್ಮ ಓಣಿಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ಹೇಳಬೇಕಾಗಿದೆ.

ತಂದೆಯನ್ನು ಕಳೆದುಕೊಂಡ ಯುವಕನೊಬ್ಬ ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಂದ ಪಟ್ಟಣಕ್ಕೆ ಹಾಲು ಒಯ್ಯುತ್ತಿದ್ದ. ದಿನಕ್ಕೆ ನಲವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ಓಡಾಟ. ಒಂದು ಬೆಳಗ್ಗೆ ಬಾಡಿಗೆ ಸೈಕಲ್ಲಿನ ಮೇಲೆ ಕ್ಯಾನು ಹೇರಿಕೊಂಡು ಹೊರಟಿದ್ದನ್ನು ಕಂಡು ಗಾಡಿಗೇನಾಯಿತೆಂದು ಕೇಳಿದೆವು. "ಎಂಜಿನ್ ಸೀಜ್ ಆತ್ರಿ ಗುರುಗಳ. ತಪ್ಪದ ಆಯಿಲ್ ಹಾಕಿಸೀನ್ರಿ. ಫಿಲ್ಟರನೂ ಪೆಟ್ರೋಲ್‌ನ್ಯಾಗ ತೊಳದು ಹಾಕ್ಯಾರ. ಹಿಂಗ್ಯಾಕಾತೋ ತಿಳೀವಲ್ದು" ಎಂದ. ಪಟ್ಟಣದ ಹಿರಿಯ ಮೇಸ್ತ್ರಿಯೊಬ್ಬರು ಎಂಜಿನ್ನನ್ನು ಬಿಚ್ಚಿದಾಗ ನಾವೂ ಹೋಗಿ ನೋಡಿದೆವು. ಮೂರು ಸಲ ತೊಳೆದ ಆ ಕಾಗದ ಒಂದು ಕಡೆ ಹರಿದಿತ್ತು. ಅದರ ತುಣುಕು ಎಣ್ಣೆ ಹರಿಯುವ ನಾಳದಲ್ಲಿ ಸಿಕ್ಕಿಕೊಂಡಿತ್ತು. ಎಣ್ಣೆ ಕಾಣದ ಬೇರಿಂಗು ಸುಟ್ಟು ನೀಲಿಗಟ್ಟಿತ್ತು. ದುರಸ್ತಿಯ ವೆಚ್ಚ ಹತ್ತು ಸಾವಿರ ದಾಟಿತು. ಅವನ ತಾಯಿಯ ಬೆಂಡೋಲೆಗಳು ಒತ್ತೆ ಬಿದ್ದವು. ಹಾಗೆ ತೊಳೆದು ಉಳಿಸಿದ್ದು ಸಲಕ್ಕೆ ನೂರು ರೂಪಾಯಿಯ ಆಸುಪಾಸು.

ಪೆಟ್ರೋಲಿನಲ್ಲಿ ಅದ್ದಿದರೆ ಮೇಲಿನ ಜಿಡ್ಡು ಹೋಗಿ ಕಾಗದ ಹೊಸದರಂತೆ ಕಾಣುತ್ತದೆ ನಿಜ. ರಂಧ್ರಗಳೊಳಗೆ ಹೊಕ್ಕ ಲೋಹದ ಕಣ ಹೋಗುವುದಿಲ್ಲ. ಗಾಳಿ ಹೊಡೆದರೆ ನೆರಿಗೆಗಳು ಸಡಿಲುತ್ತವೆ. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಎಂಜಿನ್ನಿಗೆ ಎಣ್ಣೆಯೇ ಇಲ್ಲವಾದೀತೆಂದು ಅನೇಕ ಎಂಜಿನ್ನುಗಳಲ್ಲಿ ಒಂದು ಅಡ್ಡದಾರಿಯ ವಾಲ್ವನ್ನು ಇಟ್ಟಿರುತ್ತಾರೆ. ಒತ್ತಡ ಹೆಚ್ಚಿದಾಗ ಅದು ತೆರೆದು ಎಣ್ಣೆಯನ್ನು ಸೋಸದೆಯೇ ಮುಂದಕ್ಕೆ ಬಿಡುತ್ತದೆ. ಗಾಡಿ ಎಂದಿನಂತೆ ಓಡುತ್ತಿರುತ್ತದೆ. ಸವಾರನಿಗೆ ಯಾವ ಸೂಚನೆಯೂ ಸಿಗುವುದಿಲ್ಲ. ಒಳಗೆ ಮಾತ್ರ ಕೊಳೆ ಎಣ್ಣೆ ಬೇರಿಂಗುಗಳನ್ನು ಅರೆಯುತ್ತಿರುತ್ತದೆ. ಆದ್ದರಿಂದ ತೊಂದರೆ ಕಂಡಾಗ ಬದಲಿಸೋಣ ಎಂಬ ಧೋರಣೆ ಇಲ್ಲಿ ಸಲ್ಲದು. ತೊಂದರೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹಾಗಾದರೆ ಗಡುವು ಯಾವುದು? ಕಾಗದದ ಫಿಲ್ಟರ್ ಇರುವ ಗಾಡಿಗಳಿಗೆ ಎಣ್ಣೆ ಬದಲಿಸಿದಾಗಲೆಲ್ಲ ಫಿಲ್ಟರನ್ನೂ ಬದಲಿಸುವುದು ಉತ್ತಮ ಪದ್ಧತಿ. ಕೆಲವು ಕೈಪಿಡಿಗಳು ಎರಡು ಸಲ ಎಣ್ಣೆಗೆ ಒಂದು ಸಲ ಫಿಲ್ಟರ್ ಎನ್ನುವುದುಂಟು. ಆದರೆ ಹಳೆಯ ಫಿಲ್ಟರಿನಲ್ಲಿ ನಿಂತ ಕೊಳೆ ಎಣ್ಣೆ ಹೊಸದರೊಂದಿಗೆ ಬೆರೆಯುವುದನ್ನು ನೆನೆದರೆ ಜೊತೆಗೂಡಿಯೇ ಬದಲಿಸುವುದು ಲೇಸು. ಈಗಿನ ಅನೇಕ ಬೈಕುಗಳಿಗೆ ಈ ಅವಧಿ 5,000ದಿಂದ 10,000 ಕಿಲೋಮೀಟರಿನ ನಡುವೆ ಬರುತ್ತದೆ. ಹೊಸ ಗಾಡಿಯ ಮೊದಲ ಬದಲಾವಣೆ ಮಾತ್ರ 500ರಿಂದ 1,000 ಕಿಲೋಮೀಟರಿನೊಳಗೆ ಆಗಬೇಕು. ಹೊಸ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಲೋಹದ ಪುಡಿ ಹೆಚ್ಚು ಉದುರುವುದೇ ಇದಕ್ಕೆ ಕಾರಣ.

ಕಿಲೋಮೀಟರಿನ ಜೊತೆಗೆ ಕಾಲದ ಲೆಕ್ಕವೂ ಉಂಟು. ಹಾಲಿನ ಹುಡುಗನ ಗಾಡಿ ತಿಂಗಳಿಗೆ 1,200 ಕಿಲೋಮೀಟರ್ ಓಡಿದರೆ ಐದು ಸಾವಿರ ತುಂಬಲು ನಾಲ್ಕು ತಿಂಗಳ ಮೇಲೆ ಕೆಲವೇ ದಿನ ಸಾಕು. ನಮ್ಮ ಗಾಡಿ ಈಗ ವರ್ಷಕ್ಕೆ ಮೂರು ಸಾವಿರವೂ ಓಡುವುದಿಲ್ಲ. ಹಾಗೆಂದು ಎರಡು ವರ್ಷ ಸುಮ್ಮನಿರಲಾಗದು. ಹತ್ತಿರದ ಓಡಾಟದಲ್ಲಿ ಎಂಜಿನ್ ಚೆನ್ನಾಗಿ ಕಾಯದೆ ಎಣ್ಣೆಯಲ್ಲಿ ತೇವ ಉಳಿಯುತ್ತದೆ, ಎಣ್ಣೆ ಕೆಡುತ್ತದೆ. ಎಷ್ಟೇ ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಎರಡನ್ನೂ ನಾವು ಬದಲಿಸುತ್ತೇವೆ. ಧೂಳಿನ ಹಾದಿ, ಭಾರದ ಹೇರು ಇದ್ದವರು ಗಡುವಿಗೆ ಮುಂಚೆಯೇ ಬದಲಿಸಿದರೆ ಹಿತ.

ಎಲ್ಲ ಗಾಡಿಗಳಲ್ಲಿಯೂ ಕಾಗದದ ಫಿಲ್ಟರ್ ಇರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. 1994ರಲ್ಲಿ ಬಂದು ಮನೆಮನೆಗೆ ತಲುಪಿದ ಸ್ಪ್ಲೆಂಡರಿನಂಥ ಎಂಜಿನ್ನುಗಳಲ್ಲಿ ತಿರುಗುವ ವೇಗದಿಂದಲೇ ಕೊಳೆಯನ್ನು ಅಂಚಿಗೆ ತಳ್ಳಿ ಹಿಡಿಯುವ ಬಟ್ಟಲೂ ಒಂದು ಲೋಹದ ಜರಡಿಯೂ ಇರುತ್ತವೆ. ಇವನ್ನು ಬದಲಿಸುವುದಿಲ್ಲ, ಗಡುವಿಗೆ ಸರಿಯಾಗಿ ಬಿಚ್ಚಿ ತೊಳೆಯುತ್ತಾರೆ. ಬಟ್ಟಲನ್ನು ತಲುಪಲು ಎಂಜಿನ್ನಿನ ಪಕ್ಕದ ಮುಚ್ಚಳವನ್ನೇ ತೆಗೆಯಬೇಕಾದುದರಿಂದ ಕೆಲವು ಕಡೆ ಈ ಕೆಲಸ ಬಿಟ್ಟುಹೋಗುವುದುಂಟು. ಕೇಳಿ ಮಾಡಿಸಿಕೊಳ್ಳಬೇಕು. ಯಾವುದನ್ನು ತೊಳೆಯಬೇಕು, ಯಾವುದನ್ನು ಎಸೆಯಬೇಕು ಎಂಬ ವಿವೇಕ ಗಾಡಿಯ ಕೈಪಿಡಿಯಲ್ಲಿದೆ.

ಬದಲಿಸುವಾಗ ಎದುರಿಗಿದ್ದು ನೋಡುವುದು ಒಳ್ಳೆಯದು. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಹಳೆಯ ಎಣ್ಣೆಯನ್ನು ಇಳಿಸಬೇಕು. ಫಿಲ್ಟರಿನ ಯಾವ ಮುಖ ಹೊರಗಿರಬೇಕೆಂದು ನೋಡಿ ಕೂಡಿಸಬೇಕು. ಮುಚ್ಚಳದ ರಬ್ಬರ್ ಬಳೆ ಗಡುಸಾಗಿದ್ದರೆ ಹೊಸದು ಹಾಕಬೇಕು. ಹೊಸ ಎಣ್ಣೆ ಹೊಯ್ದು ಒಂದೆರಡು ನಿಮಿಷ ಎಂಜಿನ್ ತಿರುಗಿಸಿ, ನಿಲ್ಲಿಸಿ, ಸಮನೆಲದಲ್ಲಿ ಮಟ್ಟ ನೋಡಬೇಕು. ಇಳಿಸಿದ ಎಣ್ಣೆಯನ್ನು ಚರಂಡಿಗೆ, ಹೊಲದ ಬದುವಿಗೆ ಸುರಿಯಬಾರದು. 2016ರ ಕೇಂದ್ರ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಗಣಿಸಿವೆ. ಬಾವಿಯ ನೀರನ್ನು ಸೋಸಿ ಕುಡಿದ ನಮಗೆ ಆ ಬಾವಿಯನ್ನು ಕೆಡಿಸುವ ಹಕ್ಕಿಲ್ಲ.

ನಮ್ಮ ಮನೆಯಲ್ಲಿ ಪಂಚಾಂಗದ ಪಕ್ಕದ ಮೊಳೆಗೆ ಒಂದು ಚಿಕ್ಕ ವಹಿ ತೂಗುತ್ತದೆ. ಎಣ್ಣೆ, ಫಿಲ್ಟರ್ ಬದಲಿಸಿದ ತಿಥಿಯೂ ಆ ದಿನದ ಕಿಲೋಮೀಟರೂ ಅದರಲ್ಲಿ ದಾಖಲಾಗಿರುತ್ತವೆ. ಈಗ ಸೊಸೆಯೂ ಗಾಡಿ ಓಡಿಸುವುದರಿಂದ ಅವಳೇ ಅದನ್ನು ಬರೆಯುತ್ತಾಳೆ. ಹಾಲಿನ ಹುಡುಗನೂ ತನ್ನದೊಂದು ವಹಿ ಇಟ್ಟಿದ್ದಾನೆ, ತಾಯಿಯ ಬೆಂಡೋಲೆಗಳನ್ನು ಕಳೆದ ಸುಗ್ಗಿಯಲ್ಲಿ ಬಿಡಿಸಿಕೊಂಡ. ಬಂಧುಗಳು ಇಂದೇ ತಮ್ಮ ಗಾಡಿಯ ಕೈಪಿಡಿಯನ್ನು ಹುಡುಕಿ ತೆಗೆದು, ಆ ಒಂದು ಪುಟವನ್ನು ಮನೆಯವರೆಲ್ಲ ಕೂಡಿ ಓದಿದರೆ ಈ ಬರಹದ ಶ್ರಮ ಸಾರ್ಥಕವೆಂದು ನಾವು ಭಾವಿಸುತ್ತೇವೆ.