ಮೊಮ್ಮಗಳು ತೋರಿಸಿದ ಹಾವು

ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ‘ಹಾವು’ ಅನ್ನೋ ಹಾಗಿರಲಿಲ್ಲ. ‘ಹುಳ’ ಅನ್ನಬೇಕು. ಬಾಯಿತಪ್ಪಿ ಹೆಸರು ಹೇಳಿದರೆ ಅತ್ತೆಯವರು ಗದರುತ್ತಿದ್ದರು. ನಿಮ್ಮಲ್ಲೂ ಹೀಗೇ ಅಲ್ಲವೇ?

ಜರ್ಮನಿಯಲ್ಲಿರುವ ಮಗಳ ಮನೆಗೆ ಹೋದಾಗ ಇದು ನೆನಪಾಯಿತು. ಐದು ವರ್ಷದ ಮೊಮ್ಮಗಳಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಜರ್ಮನ್ ಸೊನ್ನೆ. ಬಡಿಸಿದ್ದನ್ನು ತಿಂದು ಸುಮ್ಮನೆ ಎದ್ದು ಹೋಗುವಳು. ಕರುಳಿನ ಕುಡಿಯೇ ಪರಕೀಯಳಾದಳಲ್ಲ ಎಂದು ರಾತ್ರಿ ಕಣ್ಣೊರೆಸಿಕೊಂಡದ್ದುಂಟು.

ಒಂದು ದಿನ ಅಂಗಡಿಯಲ್ಲಿ ಅವಳು ಕೈ ತೋರಿಸಿ ‘ಶ್ಲಾಂಗೆ!’ ಅಂದಳು. ಹಾವಿಗೆ ಆ ಹೆಸರೆಂದು ಹಿಂದಿನ ದಿನ ತಾನೇ ಅವಳ ಚಿತ್ರದ ಪುಸ್ತಕದಿಂದ ಕಲಿತಿದ್ದೆ. ಸೀರೆ ಎತ್ತಿ ಹಿಂದಕ್ಕೆ ಹಾರಿದೆ! ಮಗಳು ನಗುತ್ತಾ, “ಅಮ್ಮಾ, ಇಲ್ಲಿ ಕ್ಯೂಗೂ ಹಾಗೇ ಅಂತಾರೆ” ಅಂದಳು.

ಮನೆಗೆ ಬಂದು ಅಳಿಯಂದಿರ ಕೈಲಿ ನಿಘಂಟು ತೆಗೆಸಿದೆ. ‘ಶ್ಲಾಂಗೆ’ ಬಂದದ್ದು ಸುತ್ತಿಕೊಳ್ಳುವುದು ಎಂಬ ಅರ್ಥದ ಪದದಿಂದ. ಡಚ್ಚರ ‘ಸ್ಲಾಂಗ್’ ಅದರ ನೆಂಟ. ಅವರಲ್ಲಿ ನೀರು ಬಿಡುವ ರಬ್ಬರ್ ಪೈಪಿಗೂ ಅದೇ ಹೆಸರು. ಇಂಗ್ಲಿಷಿನ ‘ಸ್ನೇಕ್’ ತೆವಳುವುದು ಎಂಬ ಅರ್ಥದ ಬೇರಿನದು. ‘ಆಡರ್’ ಎಂಬ ವಿಷದ ಹಾವಿನ ಕಥೆ ಇನ್ನೂ ಸ್ವಾರಸ್ಯ. ಮೊದಲು ಅದು ‘ನ್ಯಾಡರ್’. ‘ಎ ನ್ಯಾಡರ್’ ಎನ್ನುತ್ತಾ ಎನ್ನುತ್ತಾ ‘ಆನ್ ಆಡರ್’ ಆಗಿ, ‘ನ’ಕಾರ ಹಿಂದಿನ ಪದದ ಪಾಲಾಯಿತು. ಜರ್ಮನರ ‘ನಾಟರ್’ ಮಾತ್ರ ತನ್ನ ‘ನ’ಕಾರ ಉಳಿಸಿಕೊಂಡಿದೆ.

ಸ್ವೀಡನ್ನಿನಲ್ಲಿ ಹಾವಿಗೆ ‘ಉರ್ಮ್’. ಇದು ಇಂಗ್ಲಿಷಿನ ‘ವರ್ಮ್’, ಜರ್ಮನಿನ ‘ವುರ್ಮ್’, ಅಂದರೆ ನಮ್ಮ ಹುಳದ ಒಡಹುಟ್ಟು! ಹಳೆಯ ಇಂಗ್ಲಿಷಿನಲ್ಲೂ ಹುಳಕ್ಕೂ ಹಾವಿಗೂ ಒಂದೇ ಪದವಿತ್ತಂತೆ. ಅತ್ತೆಯವರಿದ್ದಿದ್ದರೆ ಎಷ್ಟು ಬೀಗುತ್ತಿದ್ದರೋ!

ಆ ರಾತ್ರಿ ಮೊಮ್ಮಗಳಿಗೆ, “ನಮ್ಮೂರಲ್ಲಿ ಕತ್ತಲಾದ ಮೇಲೆ ಹಾವೂ ವುರ್ಮೇ” ಎಂದೆ. ಮಗಳು ಅರ್ಥ ಬಿಡಿಸಿ ಹೇಳಿದಾಗ ಬಿದ್ದು ಬಿದ್ದು ನಕ್ಕಳು. ಮರುದಿನದಿಂದ ಅವಳೇ ನನ್ನ ಹಾಸಿಗೆಗೆ ಬಂದು ಒಂದು ಪದ ಕೊಟ್ಟು ಒಂದು ಪದ ಇಸಕೊಳ್ಳತೊಡಗಿದಳು. ನಿಮ್ಮ ಮೊಮ್ಮಕ್ಕಳೂ ದೂರದಲ್ಲಿದ್ದರೆ, ಸೋದರಿಯರೇ, ಈ ಕೊಡು-ಕೊಳ್ಳು ಮಾಡಿ ನೋಡಿ. ಖರ್ಚೇನೂ ಇಲ್ಲ.

ನಾನು ಹೊರಟ ಸಂಜೆ ವಿಮಾನ ನಿಲ್ದಾಣದಲ್ಲಿ ಉದ್ದನೆಯ ಸಾಲು ನೋಡಿ ಅವಳು, “ಅಜ್ಜೀ, ಹಾವು!” ಎಂದು ಕೂಗಿದಳು.

ದೀಪ ಹಚ್ಚಿ ಆಗಿತ್ತು. ಆದರೂ ನಾನು ಗದರಲಿಲ್ಲ.