ನೆರೆಹೊರೆ ಎಂಬ ಮಾತು



‘ನೆರೆಹೊರೆ’ ಎಂಬುದು ನಮ್ಮ ನುಡಿಯ ಸೊಗಸಾದ ಜೋಡುಪದಗಳಲ್ಲೊಂದು. ‘ನೆರೆ’ ಎಂದರೆ ಒಂದುಗೂಡು. ‘ಹೊರೆ’ ಎಂದರೆ ಹಳಗನ್ನಡದಲ್ಲಿ ಪಕ್ಕ, ಸಮೀಪ. ಅದೇ ‘ಹೊರೆ’ಗೆ ಭಾರವೆಂಬ ಅರ್ಥವೂ ಉಂಟು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಎಂಟು ಮನೆಗಳ ಅಪಾರ್ಟ್‌ಮೆಂಟೊಂದರಲ್ಲಿ ವಾಸಿಸತೊಡಗಿದ ಮೇಲೆ ಈ ಎರಡನೆಯ ಅರ್ಥವೂ ಪದಕ್ಕೆ ಹೊಂದುವುದೆಂದು ನನಗನ್ನಿಸಿದೆ.

ಕಾಡುಮಲ್ಲೇಶ್ವರ ದೇವಾಲಯದಿಂದ ಹೆಸರು ಪಡೆದ ಈ ಬಡಾವಣೆಯು 1898ರ ಪ್ಲೇಗಿನ ಹಾವಳಿಯ ತರುವಾಯ ಬೆಳೆಯಿತು. ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಗೆ ಗಾಳಿ ಬೆಳಕು ದೊರೆಯಲೆಂದು ನೇರವಾದ ಅಡ್ಡರಸ್ತೆಗಳನ್ನೂ, ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಓಣಿಗಳನ್ನೂ ರೂಪಿಸಿದರು. ಸಂಪಿಗೆ ರಸ್ತೆಯೂ, ಬೇವಿನ ಇಂಗ್ಲಿಷ್ ಹೆಸರನ್ನು ಹೊತ್ತ ಮಾರ್ಗೋಸಾ ರಸ್ತೆಯೂ ಮರಗಳನ್ನೇ ನೆನಪಿಸುತ್ತವೆ. ಹೆಂಚಿನ ಮನೆಗಳಿದ್ದ ಎಷ್ಟೋ ನಿವೇಶನಗಳಲ್ಲಿ ಇಂದು ಬಹುಮಹಡಿ ಕಟ್ಟಡಗಳಿವೆ. ನಮ್ಮದೂ ಅಂತಹದೇ. ಹಳೆಯ ಮನೆಯ ಕುರುಹಾಗಿ ಉಳಿದಿರುವುದು ಹಿತ್ತಿಲ ಮಾವಿನ ಮರವೊಂದೇ.

ಕಳೆದ ವರ್ಷ ಆ ಮರದ ಬೇರು ಸಂಪಿನ ಗೋಡೆಯನ್ನು ಸೀಳಿ ನೀರು ಸೋರತೊಡಗಿತು. ನಿವಾಸಿಗಳ ಸಭೆಯಲ್ಲಿ ಮರವನ್ನು ಕಡಿಸುವುದೇ ಅಗ್ಗವೆಂಬ ಅಭಿಪ್ರಾಯ ಬಲವಾಗಿತ್ತು. ನಾನು ಮರದ ಪರವಾಗಿ ಮಾತನಾಡಿದೆ. ಆಗ ನೆಲಮಹಡಿಯ ಹಿರಿಯರೊಬ್ಬರು, “ಮೇಲಿನವರಿಗೆ ಅದು ನೆರಳು, ನಮಗೆ ತೇವ ಕಣಪ್ಪಾ” ಎಂದರು. ಅವರ ಮಲಗುವ ಕೋಣೆಯ ಗೋಡೆಯ ಗಾರೆ ಉದುರುತ್ತಿತ್ತು. ಅವರ ಪತ್ನಿಗೆ ಉಬ್ಬಸದ ಬಾಧೆಯಿತ್ತು. ಆ ಮಾತಿಗೆ ಮರಗಳ ಮಹಿಮೆ ಉತ್ತರವಾಗಲಾರದು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು, ಸ್ವಂತ ನೆಲದ ಮರವನ್ನು ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕೆಂದು ವಿಧಿಸಿತು. ಅದಕ್ಕೂ ಮುನ್ನ, 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯು ಎಲ್ಲರಿಗೂ ಸೇರಿದ ಜಾಗದಲ್ಲಿ ಪ್ರತಿ ಮಾಲೀಕನಿಗೂ ಅವಿಭಜಿತ ಪಾಲುಂಟೆಂದೂ, ಅದನ್ನು ಸೀಳಿ ಹಂಚಿಕೊಳ್ಳುವಂತಿಲ್ಲವೆಂದೂ ಹೇಳಿತ್ತು. ಮೊದಲನೆಯದು ಮರವನ್ನು ಕಾಯಬಹುದು; ಆದರೆ ಹಿರಿಯರ ಗೋಡೆಯನ್ನು ಕಾಯುವ ದಾರಿ ಎರಡನೆಯದರಲ್ಲಿತ್ತು. ನೆರಳಿನಲ್ಲಿ ಎಂಟು ಮನೆಗಳಿಗೂ ಪಾಲಿದ್ದರೆ ತೇವದಲ್ಲಿಯೂ ಪಾಲಿರಲೇಬೇಕಲ್ಲವೇ?

ಹೀಗೆಂದು ಮೂರು ಸಭೆಗಳಲ್ಲಿ ಚರ್ಚಿಸಿದ ಬಳಿಕ, ಹಳೆಯ ಸಂಪನ್ನು ಮುಚ್ಚಿ ಕಟ್ಟಡದ ಮುಂಭಾಗದಲ್ಲಿ ಹೊಸದನ್ನು ಕಟ್ಟಿಸುವುದೆಂದೂ, ಹಿರಿಯರ ಗೋಡೆಯ ದುರಸ್ತಿಯನ್ನೂ ಸೇರಿಸಿ ವೆಚ್ಚವನ್ನು ಎಂಟು ಮನೆಯವರೂ ಭರಿಸುವುದೆಂದೂ ತೀರ್ಮಾನವಾಯಿತು. ಇಬ್ಬರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ಅವರಲ್ಲೊಬ್ಬರು ಕಂತುಗಳಲ್ಲಿ ಕೊಡುತ್ತಿದ್ದಾರೆ. ಹೊಸ ಸಂಪು ತುಂಬಿದೆ, ಹಿರಿಯರ ಗೋಡೆ ನಿಧಾನವಾಗಿ ಒಣಗುತ್ತಿದೆ.

ಹಸಿರಿನ ನಡುವೆ ಒಂದೇ ಸೂರಿನಡಿ ಬಾಳುತ್ತಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಕಟ್ಟಡದಲ್ಲಿ ಮರದ ಮಾತು ಬಂದಾಗ, ಅದರ ಬುಡಕ್ಕೆ ಹತ್ತಿರವಿರುವ ಮನೆಯವರನ್ನು ಮೊದಲು ಮಾತನಾಡಗೊಡಿರಿ.