ಮಲಗದ ಲ್ಯಾಪ್‌ಟಾಪ್, ನನ್ನ ತಪ್ಪು ಉತ್ತರ

ಅಭ್ಯಾಸ ಬೋಧನೆಯ ಮೂರನೇ ವಾರ. 9ನೇ ತರಗತಿಗೆ ‘ಶಬ್ದ’ ಪಾಠ. ಸಂಪೀಡನ, ವಿರಳನ ತೋರಿಸಲು ರಾತ್ರಿ ಕೂತು ಅನಿಮೇಷನ್ ಮಾಡಿದ್ದೆ. ಬೆಳಿಗ್ಗೆ ಏಳಕ್ಕೆ, ಶೇ. 92 ಚಾರ್ಜ್ ಇದೆಯೆಂದು ನೋಡಿಕೊಂಡೇ, ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದೆ. ಚಾರ್ಜರ್ ರೂಮಿನಲ್ಲೇ ಉಳಿಯಿತು. ಹನ್ನೊಂದಕ್ಕೆ ತೆಗೆದರೆ ರೊಟ್ಟಿ ಹಂಚಿನಷ್ಟು ಬಿಸಿ, ಚಾರ್ಜ್ ಶೇ. 6. ಪೀಠಿಕೆ ಮುಗಿಯುವುದರೊಳಗೆ ಪರದೆ ಕಪ್ಪಾಯಿತು. ಕಪ್ಪುಹಲಗೆಯ ಮೇಲೆ ಚುಕ್ಕಿ ಇಟ್ಟು ಪಾಠ ಮುಗಿಸಿದೆ.

ಮುಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ್, ಮುಚ್ಚಿಟ್ರೂ ಚಾರ್ಜ್ ಯಾಕೆ ಖಾಲಿಯಾಗುತ್ತೆ?”

“ಇದು ಲಿನಕ್ಸ್ ಅಲ್ವಾ, ಪುಕ್ಕಟೆ ತಂತ್ರಾಂಶ, ಹಾಗೇ” ಎಂದುಬಿಟ್ಟೆ. ಗೊತ್ತಿಲ್ಲ ಅನ್ನಬಹುದಿತ್ತು. ಹಿಂದೆ ವೀಕ್ಷಕರು ಕೂತಿದ್ದರಲ್ಲ!

ಸಂಜೆ ಹುಡುಕಿದೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ತಯಾರಕರೇ ಬರೆದಿಡುವ ತಂತ್ರಾಂಶವೇ ಫರ್ಮ್‌ವೇರ್. ಯಂತ್ರ ಹೇಗೆ ಮಲಗಬೇಕು, ಬ್ಯಾಟರಿ ಎಲ್ಲಿದೆ ಎಂಬ ಪಟ್ಟಿಗಳನ್ನು ಅದೇ ಆಪರೇಟಿಂಗ್ ಸಿಸ್ಟಮ್‌ಗೆ ಕೊಡುತ್ತದೆ. ಈ ವ್ಯವಸ್ಥೆಗೆ ಎಸಿಪಿಐ ಎಂದು ಹೆಸರು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಪ್ರಕಟಿಸಿದ್ದು. ಲಿನಕ್ಸ್ ಪಟ್ಟಿಯನ್ನು ನಂಬುತ್ತದೆ. ನನ್ನ ಯಂತ್ರದ ಪಟ್ಟಿ ‘ನನಗೆ ಹಗುರ ನಿದ್ದೆಯೇ ಸಾಕು, ಅದರಲ್ಲೇ ವಿದ್ಯುತ್ ಉಳಿಸುತ್ತೇನೆ’ ಎನ್ನುತ್ತಿತ್ತು. ಉಳಿಸುತ್ತಿರಲಿಲ್ಲ. ಮುಚ್ಚಿದ ಬ್ಯಾಗಿನೊಳಗೆ ಪ್ರೊಸೆಸರ್ ಎಚ್ಚರವಾಗಿಯೇ ಇರುತ್ತಿತ್ತು. ತಯಾರಕರಿಂದ ಹೊಸ ಫರ್ಮ್‌ವೇರ್ ಬಂದು ವರ್ಷಗಳೇ ಆಗಿವೆ.

ಲಿನಕ್ಸಿನಲ್ಲಿ ‘ಮೆಮ್ ಸ್ಲೀಪ್’ ಎಂಬ ಕಡತ ತೆರೆದರೆ ಎರಡು ಬಗೆಯ ನಿದ್ದೆ ಕಾಣುತ್ತವೆ: ‘ಎಸ್2ಐಡಲ್’ ಮತ್ತು ‘ಡೀಪ್’. ಆಯ್ಕೆಯಾಗಿದ್ದದ್ದು ಮೊದಲನೆಯದು. ಬೂಟ್ ಆಗುವಾಗಲೇ ‘ಡೀಪ್’ ಆರಿಸುವಂತೆ ಒಂದು ಸಾಲು ಸೇರಿಸಿದೆ. ಕೆಲವು ಯಂತ್ರಗಳು ಹಾಗೆ ಮಲಗಿದರೆ ಏಳುವುದೇ ಇಲ್ಲವಂತೆ. ನನ್ನದು ಎದ್ದಿತು, ರಾತ್ರಿ 92, ಬೆಳಿಗ್ಗೆ 89.

ಇನ್ನೊಂದು ತಮಾಷೆ. ಫರ್ಮ್‌ವೇರನ್ನು ಹೆಚ್ಚಾಗಿ ವಿಂಡೋಸ್ ಇಟ್ಟುಕೊಂಡೇ ಪರೀಕ್ಷಿಸುತ್ತಾರೆ. ಆದ್ದರಿಂದ ‘ನೀನು ವಿಂಡೋಸಾ?’ ಎಂದು ಅದು ಕೇಳಿದರೆ ಲಿನಕ್ಸ್ ‘ಹೌದು’ ಎನ್ನುತ್ತದೆ!

ಮರುದಿನ ತರಗತಿಯಲ್ಲಿ ಪೀಠಿಕೆಗೂ ಮೊದಲು, “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೆ. ಗಂಟಲು ಒಣಗಿತ್ತು. ವಿಷಯ ಬಿಡಿಸಿ ಹೇಳಿದಾಗ ವಿಂಡೋಸ್ ಮಾತಿಗೆ ಎಲ್ಲರೂ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ.

“ಪಟ್ಟಿ ತಪ್ಪು ಅಂತ ಲಿನಕ್ಸ್‌ಗೆ ಹೇಗೆ ಗೊತ್ತಾಗ್ಬೇಕು ಸರ್?”

ವೀಕ್ಷಣಾ ಪುಸ್ತಕದಲ್ಲಿ ‘ಪಾಠಕ್ಕೆ ಸಂಬಂಧಿಸದ ವಿಷಯಕ್ಕೆ 6 ನಿಮಿಷ’ ಎಂದು ಬರೆದಿದೆ. ಅವಳ ಪ್ರಶ್ನೆಗೆ ಈ ಸಲ “ಗೊತ್ತಿಲ್ಲ, ನೋಡಿ ಹೇಳ್ತೀನಿ” ಎಂದಿದ್ದೇನೆ. ಸೋಮವಾರ ಹೇಳಬೇಕು.